ಇದು ಯಾರ ಹಸು

ಫೋನು ಇಟ್ಟ ಮೇಲೆ ವೆಂಕಟಲಕ್ಷ್ಮಮ್ಮನಿಗೆ ಮೊದಲು ಆದದ್ದು ಭಯವಲ್ಲ, ನಾಚಿಕೆ. ಡೈರಿಯ ಸೆಕ್ರೆಟರಿ ಹೇಳಿದ್ದು ಎರಡೇ ಮಾತು. "ಇವತ್ತು ಹತ್ತು ಗಂಟೆಗೆ ಹಸುಗಳ ತಪಾಸಣೆ ಐತಂತೆ ಅಮ್ಮ, ನಂಗೂ ಈಗ್ಲೇ ಹೇಳಿದ್ದು. ನಿಮ್ ಕೊಟ್ಟಿಗೆಯಿಂದ್ಲೇ ಶುರು ಅಂತೆ." ಇನ್ನೂ ಏಳು ಹೊಡೆದಿರಲಿಲ್ಲ. ಮೂರನೇ ಹಸುವಿನ ಕೆಚ್ಚಲ ಕೆಳಗೆ ಬಕೆಟ್ಟಿತ್ತು, ಬೆರಳುಗಳಿಗೆ ನೊರೆ ಅಂಟಿತ್ತು, ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಒತ್ತಿ ಹಿಡಿದಿದ್ದಳು. ನಮ್ಮ ಕೊಟ್ಟಿಗೆಯಿಂದಲೇ ಯಾಕೆ ಎಂದು ಕೇಳಬೇಕಿತ್ತು. ಕೇಳಿದರೆ ಅವನು ನಿಜವಾಗಿ ಏನಾದರೂ ಹೇಳಿಬಿಟ್ಟಾನೆಂದು ಕೇಳಲಿಲ್ಲ. ಸ್ನಾನ ಮಾಡುವಾಗ ಬಾಗಿಲ ಸಂದಿಯಿಂದ ಯಾರೋ ನೋಡಿದ್ದರೆಂದು ಆಮೇಲೆ ತಿಳಿದರೆ ಆಗುವಂಥ ನಾಚಿಕೆ ಅದು. ಮೂರು ದಿನದಿಂದ ಐದನೇ ಗೂಟವನ್ನು ನೋಡಿಯೂ ನೋಡದವಳ ಹಾಗೆ ತಾನು ಓಡಾಡುತ್ತಿದ್ದದ್ದನ್ನು ಯಾರೋ ನೋಡಿದ್ದಾರೆ. ಎದುರು ಅಪಾರ್ಟ್‌ಮೆಂಟಿನ ಬಾಲ್ಕನಿಗಳೆಲ್ಲ ಕೊಟ್ಟಿಗೆಯ ಕಡೆಗೇ ಮುಖ ಮಾಡಿದ್ದವು. ಒಂದರಲ್ಲಿ ಒಬ್ಬ ಹೆಂಗಸು ಟವೆಲ್ ಕೊಡವುತ್ತಿದ್ದಳು. ವೆಂಕಟಲಕ್ಷ್ಮಮ್ಮ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು.

ಐದನೇ ಗೂಟದಲ್ಲಿದ್ದದ್ದು ಹೊಸ ಹಸು. ರಾಜಾನುಕುಂಟೆಯಿಂದ ತಂದು ಐದು ತಿಂಗಳಾಗಿದ್ದರೂ ಅದಕ್ಕೊಂದು ಹೆಸರಿಟ್ಟಿರಲಿಲ್ಲ. ಮನೆಯಲ್ಲಿ 'ಹೊಸದು' ಎಂದೇ ಕರೆಯುತ್ತಿದ್ದರು. ಉಳಿದ ನಾಲ್ಕಕ್ಕೂ ಕಿವಿಯಲ್ಲಿ ನಂಬರಿನ ಹಳದಿ ಓಲೆಯಿತ್ತು, ಇದಕ್ಕೆ ಅದನ್ನೂ ಹಾಕಿಸಿರಲಿಲ್ಲ, ಇವತ್ತು ನಾಳೆ ಎಂದು ದಿನ ಹೋಗಿತ್ತು. ಮಂಗಳವಾರ ಬೆಳಿಗ್ಗೆ ಕುತ್ತಿಗೆ ತಡವುವಾಗ ಹುಣಸೆಬೀಜದಷ್ಟು ಗಟ್ಟಿಯಾದದ್ದೊಂದು ಬೆರಳಿಗೆ ಸಿಕ್ಕಿತು. ನೊಣ ಕಚ್ಚಿರಬೇಕು ಅಂದುಕೊಂಡಳು. ಬುಧವಾರ ಹತ್ತಾದವು. ಗುರುವಾರ ಎಣಿಸುವುದನ್ನು ಬಿಟ್ಟಳು. ಗಂಟುರೋಗ ಎಂಬ ಮಾತನ್ನು ಮನಸ್ಸಿನೊಳಗೂ ಆಡಲಿಲ್ಲ. ವೀಳ್ಯದೆಲೆ, ಮೆಣಸು, ಉಪ್ಪು, ಬೆಲ್ಲ ಕುಟ್ಟಿ ಉಂಡೆ ಕಟ್ಟಿ ತಿನ್ನಿಸಿದಳು, ಬೇವು ಅರಿಶಿನ ಅರೆದು ಹಚ್ಚಿದಳು, ಮತ್ತು ಅದು ಕೊಟ್ಟ ಅರ್ಧ ಬಕೆಟ್ ಹಾಲನ್ನು ಉಳಿದ ಹಾಲಿನ ಜೊತೆ ಕ್ಯಾನಿಗೆ ಸುರಿದಳು. ಸುರಿಯುವಾಗ ಪ್ರತಿಸಲವೂ ಎದುರು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯ ರಂಜನಿಯ ಮಗುವಿನ ಮುಖ ಎದುರು ಬರುತ್ತಿತ್ತು. 'ಆಂಟಿ, ನಿಮ್ಮನೆ ಹಾಲು ಕೊಟ್ರೇನೆ ಕುಡಿಯೋದು' ಎಂದು ರಂಜನಿ ಸ್ಟೀಲಿನ ಡಬ್ಬಿ ಹಿಡಿದು ದಿನವೂ ಬರುತ್ತಿದ್ದಳು. ಕಾಯಿಸಿಯೇ ಕೊಡುತ್ತಾರಲ್ಲ ಎಂದು ಸಮಾಧಾನ ಹೇಳಿಕೊಂಡಳು. ಡಾಕ್ಟರಿಗೆ ಹೇಳಿದ್ದರೆ ಯಾರೂ ಒಳಗೆ ಹೋಗದ ಹಾಗೆ ಕೊಟ್ಟಿಗೆಯ ಸುತ್ತ ಹಗ್ಗ ಕಟ್ಟುತ್ತಿದ್ದರು, ತಿಂಗಳು ಹಾಲು ತೆಗೆದುಕೊಳ್ಳುತ್ತಿರಲಿಲ್ಲ, ಹಾಲು ನಿಂತಮೇಲೆ ಗಂಡ ಕೊಟ್ಟಿಗೆಯನ್ನೇ ನಿಲ್ಲಿಸುತ್ತಿದ್ದ. ಇಷ್ಟೆಲ್ಲ ಸರಿಯಾಗಿಯೇ ಯೋಚಿಸಿದ್ದಳು. ಸರಿಯಾಗಿ ಯೋಚಿಸಿದ್ದರಿಂದಲೇ ಸುಮ್ಮನಿದ್ದಳು.

ಗಂಡ ವೆಂಕಟರಾಮಯ್ಯ ಬಾಡಿಗೆ ಕಟ್ಟಡದ ಮೊದಲ ಮಹಡಿಯ ಪ್ಯಾರಪೆಟ್ಟಿಗೆ ಒರಗಿ ಹಲ್ಲುಜ್ಜುತ್ತಿದ್ದ. ಜಕ್ಕೂರಿನ ಹಳೇ ಊರಿನಲ್ಲಿ ಇವರ ಹೊಲವಿದ್ದ ಕಡೆ ಈಗ ಎರಡು ಕಟ್ಟಡ ಎದ್ದಿದ್ದವು, ಕೊಟ್ಟಿಗೆ ಇರುವ ಜಾಗದಲ್ಲಿ ಮೂರನೆಯದು ಏಳಬೇಕೆಂಬುದು ಅವನ ಆಸೆ. ಪ್ಲಾನನ್ನು ಎರಡು ವರ್ಷದ ಹಿಂದೆಯೇ ಬರೆಸಿಟ್ಟಿದ್ದ. ಅವಳು ಕೆಳಗಿನಿಂದಲೇ ತಪಾಸಣೆಯ ವಿಷಯ ಹೇಳಿದಳು. ಅವನು ಪಕ್ಕಕ್ಕೆ ಉಗಿದು, "ಬರ್ಲಿ ಬಿಡೇ. ಮುಚ್ಸುದ್ರೆ ಮುಚ್ಸ್ಲಿ. ಈ ಸಗಣಿ ಬಾಚೋದ್ರಲ್ಲಿ ನಿಂಗೇನ್ ಸುಖ ಐತೋ ಕಾಣೆ," ಎಂದ. ಸುಖ ಎಂಬ ಮಾತು ಅವಳ ಕಿವಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಬಾಡಿಗೆ ಯಾರಿಗೆ ಕೊಡಬೇಕು, ಎಷ್ಟಕ್ಕೆ ಕೊಡಬೇಕು, ಯಾವ ಮದುವೆಗೆ ಹೋಗಬೇಕು, ಯಾವ ಸೀರೆ ಉಡಬೇಕು, ಎಲ್ಲ ಆ ಪ್ಯಾರಪೆಟ್ಟಿನ ಮೇಲಿಂದ ಬರುವ ಮಾತು. ಕೊಟ್ಟಿಗೆಯ ಹೊಸಿಲು ದಾಟಿ ಒಳಗೆ ಬಂದರೆ ಮಾತ್ರ ಅವಳ ಮಾತು ನಡೆಯುತ್ತಿತ್ತು. ಸರಿ ಅಂದರೆ ಸರಿಯುವ ಐದು ದೇಹಗಳು ಅಲ್ಲಿದ್ದವು. ಇದನ್ನು ಸುಖ ಅನ್ನುತ್ತಾರೋ ಏನೋ ಅವಳಿಗೆ ಗೊತ್ತಿರಲಿಲ್ಲ. ಕಳೆದುಹೋದರೆ ತನ್ನ ಹತ್ತಿರ ಇನ್ನೇನೂ ಇಲ್ಲ ಎಂಬುದು ಗೊತ್ತಿತ್ತು.

ಅವಳು ಉಳಿದ ಹಸುಗಳನ್ನು ಕರೆಯದೆ ಎದ್ದಳು. ಹೊಸದರ ಬೆನ್ನ ಮೇಲೆ ಗೋಣಿತಾಟು ಹೊದೆಸಿ, ಕುತ್ತಿಗೆಯವರೆಗೆ ಎಳೆದು, ದಾರದಿಂದ ಕಟ್ಟಿದಳು. ಹಗ್ಗ ಬಿಚ್ಚಿ ಹಿಂದಿನ ಓಣಿಗೆ ಹೊರಡಿಸಿದಳು. ಹಸು ಬರಲು ಒಲ್ಲೆನೆಂದಿತು. ಮುಂಗಾಲಿನ ಕೀಲು ಊದಿಕೊಂಡಿತ್ತು. ಎಳೆದಳು. ತಲೆಯ ಮೇಲೆ ಏರೋಡ್ರೋಮಿನ ಸಣ್ಣ ವಿಮಾನವೊಂದು ಗುಂಯ್‌ಗುಟ್ಟುತ್ತ ಕೆರೆಯ ಕಡೆ ತಿರುಗಿತು. ಓಣಿಯ ಕೊನೆಯಲ್ಲಿ, ಇವರದೇ ಜಾಗದ ಮೂಲೆಯಲ್ಲಿ, ಗೋಪಾಲಮ್ಮನ ಶೀಟಿನ ಮನೆ, ಅದಕ್ಕೆ ಒತ್ತಿ ಇಳಿಬಿಟ್ಟ ಮಾಡಿನ ಕೆಳಗೆ ಅವಳ ಎರಡು ಹಸು.

ಗೋಪಾಲಮ್ಮನ ಗಂಡ ಇವರ ಹೊಲದಲ್ಲಿ ಆಳಾಗಿದ್ದವನು. ಹೊಲ ಹೋಯಿತು, ಅವನೂ ಹೋದ, ಗೋಪಾಲಮ್ಮ ಮೂಲೆಯಲ್ಲಿ ಉಳಿದುಕೊಂಡಳು. ಎಬ್ಬಿಸಬೇಕೆಂದು ಯಾರಿಗೂ ಜ್ಞಾಪಕ ಬರದ ಹಾಗೆ, ಸದ್ದಿಲ್ಲದೆ. ವೆಂಕಟಲಕ್ಷ್ಮಮ್ಮ ಅಟ್ಟೂರಿನಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು, ಹಾಲು ಕರೆಯಲು ಬರುತ್ತಿರಲಿಲ್ಲ. ಅತ್ತೆ ಬೈದು ಬೈದು ಸೋತಿದ್ದಳು. ಒಂದು ಮಧ್ಯಾಹ್ನ ಸಗಣಿ ಬಾಚಲು ಬಂದ ಗೋಪಾಲಮ್ಮ ಸುತ್ತ ನೋಡಿ, ತನ್ನ ಹೆಬ್ಬೆರಳನ್ನು ಮುಂದೆ ಚಾಚಿ, "ಇದ್ನ ಇಡ್ಕೊಳ್ಳಿ ಅಮ್ಮ. ಮ್ಯಾಲಿಂದ ಅಮುಕಿ. ಎಳೀಬ್ಯಾಡಿ, ಅಮುಕಿ," ಎಂದಳು. ಅವಳು ಆ ಒರಟು ಹೆಬ್ಬೆರಳನ್ನು ಹಿಡಿದು ಅಮುಕಿದಳು, ಮತ್ತೆ ಮತ್ತೆ, ಇಬ್ಬರಿಗೂ ನಗು ಬರುವವರೆಗೆ. ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಬಚ್ಚಲಿಗೆ ಹೋಗಿ ನೀರು ತೋಡಿಟ್ಟಳು. ಸೊಸೆ ಹೋಗಿ ತಲೆಯ ಮೇಲೆ ನೀರು ಹುಯ್ದುಕೊಂಡು ಬಂದು, ಒದ್ದೆ ಕೂದಲಿನಲ್ಲಿಯೇ, ಮೊದಲ ಸಲ ಹಾಲು ಕರೆದಳು. ಗೋಪಾಲಮ್ಮ ಸಗಣಿ ಬುಟ್ಟಿ ಹೊತ್ತು ನೋಡುತ್ತ ನಿಂತಿದ್ದಳು. ಅವಳು ಕೊಟ್ಟಿಗೆಯನ್ನು ದಿನಕ್ಕೆರಡು ಸಲ ಗುಡಿಸಬಹುದಿತ್ತು, ಹಾಲಿನ ಪಾತ್ರೆ ಮುಟ್ಟುವಂತಿರಲಿಲ್ಲ. ಈಗ ಅವಳದೇ ಎರಡು ಹಸು, ಕರೆಯುವ ಒಂದರ ಹಾಲು ಡೈರಿಯಲ್ಲಿ ಎಲ್ಲರ ಹಾಲಿನ ಜೊತೆ ಒಂದೇ ಕ್ಯಾನಿಗೆ ಬೀಳುತ್ತದೆ. ಸಾಲಿನಲ್ಲಿ ಗೋಪಾಲಮ್ಮ ಮುಂದಿದ್ದರೆ ವೆಂಕಟಲಕ್ಷ್ಮಮ್ಮ ಇಂದಿಗೂ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾಳೆ. ಯಾಕೆಂದು ಕೇಳಿದರೆ ಅವಳಿಗೆ ಹೇಳಲು ಬರುವುದಿಲ್ಲ, ಕಾಲು ತಾನಾಗಿ ನಿಲ್ಲುತ್ತದೆ.

ಗೋಪಾಲಮ್ಮ ಒಲೆಯ ಮುಂದೆ ಕೂತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಎಡಗಣ್ಣಿಗೆ ಪೊರೆ ಬಂದಿತ್ತು. ಹಸುವಿನ ಹಗ್ಗ ಹಿಡಿದು ಬಂದವಳನ್ನು ಕಂಡು ಎದ್ದು ನಿಂತಳು. "ಏನಮ್ಮ, ಇಷ್ಟೊತ್ನಾಗೆ? ಕರ್ದಿದ್ರೆ ನಾನೇ ಬರ್ತಿರ್ಲಿಲ್ವಾ?"

"ತಪಾಸಣೆಗೆ ಬರ್ತಾವ್ರೆ ಗೋಪಾಲಮ್ಮ. ಐದು ಕಟ್ಟಿದ್ರೆ ಜಾಗ ಇಕ್ಕಟ್ಟು ಅಂತಾರೆ. ಒಂದು ಗಂಟೆ ಇದನ್ನ ನಿನ್ ತಾವ ಕಟ್ಕೊ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅದು ಸುಳ್ಳೆಂದು ಅವಳಿಗೇ ಒಂದು ಕ್ಷಣ ತಿಳಿಯಲಿಲ್ಲ. ಗೋಪಾಲಮ್ಮ ಹಗ್ಗವನ್ನು ಕೂಡಲೇ ತೆಗೆದುಕೊಳ್ಳಲಿಲ್ಲ. ಮಾಡಿನ ಕಡೆ ನೋಡಿದಳು. ಅಲ್ಲಿ ಅವಳ ಮುದಿ ಹಸುವಿನ ಪಕ್ಕ ಕಡಸು ನಿಂತಿತ್ತು, ಏಳು ತಿಂಗಳ ಗಬ್ಬ, ಹೊಟ್ಟೆ ಎರಡೂ ಕಡೆ ಉಬ್ಬಿತ್ತು. ಆ ನೋಟ ಇನ್ನೊಂದು ಗಳಿಗೆ ಹಾಗೇ ಇದ್ದರೆ ಅವಳು ಒಲ್ಲೆ ಅಂದುಬಿಡುತ್ತಾಳೆ ಅನ್ನಿಸಿತು. ವೆಂಕಟಲಕ್ಷ್ಮಮ್ಮ ಒಲೆಯ ಪಕ್ಕದ ಮಣೆಯ ಮೇಲೆ ಕೂತುಬಿಟ್ಟಳು. "ಒಂದ್ಲೋಟ ಕಾಪಿ ಕೊಡು," ಅಂದಳು.

ಮೂವತ್ತೇಳು ವರ್ಷದಲ್ಲಿ ಆ ಮನೆಯಲ್ಲಿ ಅವಳು ನೀರು ಕೂಡ ಕುಡಿದಿರಲಿಲ್ಲ. ಗೋಪಾಲಮ್ಮ ಲೋಟ ಹುಡುಕಿದಳು. ಇದ್ದ ಎರಡನ್ನೂ ತೊಳೆದಳು, ಒಂದನ್ನು ಮತ್ತೆ ತೊಳೆದಳು, ಸೆರಗಿನಿಂದ ಒರೆಸಹೋಗಿ ನಿಲ್ಲಿಸಿ ಹಾಗೇ ಒದ್ದೆಯಾಗಿ ಇಟ್ಟಳು. ಬೆಲ್ಲದ ಕಾಪಿ. ಅವಳು ಲೋಟವನ್ನು ಕೊಡದೆ ನೆಲದ ಮೇಲಿಟ್ಟು ಸರಿದದ್ದನ್ನು ಗಮನಿಸಿ ವೆಂಕಟಲಕ್ಷ್ಮಮ್ಮನಿಗೆ ಮೈ ಉರಿಯಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಕುಡಿದಳು. ಹೊಟ್ಟೆ ತೊಳೆಸಬಹುದೆಂದು ಕಾದಳು. ಏನೂ ಆಗಲಿಲ್ಲ. ಕಾಪಿ ಚೆನ್ನಾಗಿತ್ತು. ಇಷ್ಟು ವರ್ಷ ಕುಡಿಯದೆ ಇದ್ದದ್ದಕ್ಕಿಂತ ಈಗ ಕುಡಿಯುತ್ತಿರುವುದು ಹೆಚ್ಚಿನ ಅವಮಾನ, ಇಬ್ಬರಿಗೂ, ಎಂದು ಮನಸ್ಸಿನ ಯಾವುದೋ ಮೂಲೆಗೆ ಹೊಳೆಯಿತು. ಆ ಮೂಲೆಯನ್ನು ಅವಳು ನೋಡಲಿಲ್ಲ. ಗೋಪಾಲಮ್ಮ ಹಗ್ಗ ತೆಗೆದುಕೊಂಡಳು, ಹೊಸದನ್ನು ಕಡಸಿನಿಂದ ಆದಷ್ಟು ದೂರಕ್ಕೆ ಕಟ್ಟಿದಳು. ಆದಷ್ಟು ದೂರವೆಂದರೆ ಒಂದು ಮಾರು. ಕಟ್ಟುವಾಗ ಅವಳ ಕೈ ಗೋಣಿಯ ಕೆಳಗೆ ಹಸುವಿನ ಕತ್ತಿನ ಮೇಲೆ ಸ್ವಲ್ಪ ಹೊತ್ತು ನಿಂತಿತು.

ಹತ್ತು ಗಂಟೆ ಎಂದವರು ಒಂಬತ್ತಕ್ಕೇ ಬಂದರು. ಕೊಟ್ಟಿಗೆ ತೊಳೆದಾಗಿತ್ತು, ಸುಣ್ಣದ ಪುಡಿ ಎರಚಿಯಾಗಿತ್ತು, ಐದನೇ ಗೂಟವನ್ನು ಕೀಳಲು ಮಾತ್ರ ಆಗಿರಲಿಲ್ಲ; ಅದು ಕಲ್ಲಿನದು. ಮೂವರಿದ್ದರು. ಶರ್ವಾಣಿ ಎಂಬ ಡಾಕ್ಟರು, ಮೂವತ್ತರ ಒಳಗಿನ ಹುಡುಗಿ, ಮೊಣಕಾಲವರೆಗೆ ರಬ್ಬರಿನ ಬೂಟು ಹಾಕಿದ್ದಳು. ನಿರಂಜನ ಎಂಬ ಅಧಿಕಾರಿ, ಕೈಯಲ್ಲಿ ಟ್ಯಾಬು. ಮತ್ತೆ ಪೆಟ್ಟಿಗೆ ಹೊತ್ತ ಒಬ್ಬ ಸಹಾಯಕ. ವೆಂಕಟಲಕ್ಷ್ಮಮ್ಮ ಮುಖ ತೊಳೆದು ಕುಂಕುಮ ಇಟ್ಟು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ನಿಂತಿದ್ದಳು. ಹೆಣ್ಣು ನೋಡಲು ಬಂದವರ ಮುಂದೆ ನಿಂತಿದ್ದು ನೆನಪಾಯಿತು. ಆಗಲೂ ಬಂದವರು ಹೀಗೆಯೇ ಅವಳನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನೋಡಿದ್ದರು. ಡಾಕ್ಟರು ಹಸುಗಳ ಬಾಯಿ ನೋಡಿದಳು, ಕೆಚ್ಚಲು ಅಮುಕಿದಳು, ಓಲೆಯ ನಂಬರು ಓದಿದಳು. ನಿರಂಜನ ಅದನ್ನು ಟ್ಯಾಬಿನಲ್ಲಿ ಒತ್ತಿದ.

"ಗೂಟ ಐದಿದೆ, ಹಸು ನಾಲ್ಕಿದೆಯಲ್ಲಮ್ಮ?" ಎಂದ.

"ಒಂದನ್ನ ಮಾರ್ಬುಟ್ವಿ ಸಾರ್."

"ಯಾವಾಗ?"

"ಆಯ್ತು, ಎಲ್ಡ್ ತಿಂಗ್ಳಾಯ್ತು."

ಡಾಕ್ಟರು ಐದನೇ ಗೂಟದ ಹತ್ತಿರ ನಿಂತಿದ್ದಳು. ಗೋದಲಿಯಲ್ಲಿ ಅರ್ಧ ತಿಂದ ಸೀಮೆಹುಲ್ಲು ಇನ್ನೂ ಹಸಿರಾಗಿಯೇ ಇತ್ತು. ಅವಳು ಹುಲ್ಲನ್ನು ನೋಡಿದಳು, ವೆಂಕಟಲಕ್ಷ್ಮಮ್ಮನ ಮುಖ ನೋಡಿದಳು. ಆಮೇಲೆ ಹಿಂದಿನ ಓಣಿಯನ್ನು. "ಅಲ್ಲಿ ಹಿಂದೆ ಯಾರ ಕೊಟ್ಟಿಗೆ?"

"ಅದು... ನಮ್ಮ ಆಳಿಂದು. ಮುದುಕಿ. ಒಂದೆರಡು ಹಸು ಅಷ್ಟೇ ಮೇಡಂ."

"ಅದನ್ನೂ ನೋಡಿಬಿಡೋಣ."

ಓಣಿಯಲ್ಲಿ ಅವಳು ಅವರ ಹಿಂದೆ ನಡೆದಳು. ಇನ್ನೂ ಹೊತ್ತಿದೆ, ಹೇಳಿಬಿಡಬಹುದು. ಮೇಡಂ, ಒಂದು ನಿಮಿಷ, ಅಲ್ಲಿರೋದು ನಮ್ಮದು, ತಪ್ಪಾಯ್ತು. ಈ ಮಾತುಗಳನ್ನು ಅವಳು ಸಾಲಾಗಿ ಜೋಡಿಸಿಕೊಂಡಳು ಕೂಡ. ಓಣಿ ಉದ್ದವಾಗಿತ್ತು. ಅವತ್ತು ಅತ್ತೆ ತೋಡಿಟ್ಟಿದ್ದ ಬಚ್ಚಲ ನೀರು ಎಷ್ಟು ತಣ್ಣಗಿತ್ತು ಎಂದು ನೆನಪಾಯಿತು. ನಿರಂಜನ ಚರಂಡಿ ದಾಟುವಾಗ ಪ್ಯಾಂಟು ಎತ್ತಿ ಹಿಡಿದ. ಮಾತುಗಳು ಜೋಡಿಸಿದ ಹಾಗೆಯೇ ಉಳಿದವು.

ಡಾಕ್ಟರು ಗೋಣಿತಾಟು ಎತ್ತಿದಳು. ಹಸುವಿನ ಕತ್ತು, ಎದೆ, ಪಕ್ಕೆಯ ತುಂಬ ಗಂಟು. ಎರಡು ಒಡೆದು ಕೀವಾಗಿತ್ತು, ಅರಿಶಿನ ಅದರ ಸುತ್ತ ಒಣಗಿ ಬಿರಿದಿತ್ತು. ನಿರಂಜನ ಹಿಂದೆ ಸರಿದ. ಡಾಕ್ಟರು ತಿರುಗಿ ಕೇಳಿದಳು.

"ಇದು ಯಾರ ಹಸು?"

"ಗೋಪಾಲಮ್ಮಂದು," ಎಂದಳು ವೆಂಕಟಲಕ್ಷ್ಮಮ್ಮ.

ಅಲ್ಲಿಗೇ ನಿಂತಿದ್ದರೆ ಅದನ್ನು ಗಾಬರಿಯಲ್ಲಿ ಬಂದ ಮಾತು ಎಂದುಕೊಳ್ಳಬಹುದಿತ್ತು. ಮುಂದಿನ ದಿನಗಳಲ್ಲಿ ಅವಳು ಹಾಗೆ ಅಂದುಕೊಳ್ಳಲು ಬಹಳ ಪ್ರಯತ್ನಪಟ್ಟಳು. ಆದರೆ ಯಾರೂ ಕೇಳದೆಯೇ, ಯಾವ ಅಗತ್ಯವೂ ಇಲ್ಲದೆ, ಅವಳ ಬಾಯಿ ಮುಂದುವರಿದಿತ್ತು: "ಹೋದ್ ತಿಂಗ್ಳು ತಂದ್ಲು. ಡಾಕ್ಟ್ರಿಗೆ ತೋರ್ಸು ಅಂತ ನಾನೂ ಬಡ್ಕೊಂಡೆ ಮೇಡಂ. ಇವ್ರಿಗೆ ಎಲ್ಲಿ ಗೊತ್ತಾಯ್ತದೆ?" ದನಿ ಸ್ವಲ್ಪವೂ ನಡುಗಲಿಲ್ಲ. ಅದರಲ್ಲಿ ಅತ್ತೆಯ ದನಿಯಿತ್ತು.

ಗೋಪಾಲಮ್ಮ ಪೊರೆಯಿಲ್ಲದ ಕಣ್ಣನ್ನು ಅವಳ ಮೇಲೆ ಇಟ್ಟಳು. ಸಿಟ್ಟಿರಲಿಲ್ಲ. ಏನೋ ಬಹಳ ದಿನದಿಂದ ಕೇಳಬೇಕೆಂದಿದ್ದದ್ದಕ್ಕೆ ಉತ್ತರ ಸಿಕ್ಕವಳ ಹಾಗೆ ನೋಡಿದಳು. ಅವಳು ನಿಂತಿದ್ದ ನೆಲ ವೆಂಕಟಲಕ್ಷ್ಮಮ್ಮನದು, ತಲೆಯ ಮೇಲಿನ ಶೀಟನ್ನು ಹೊತ್ತ ಗೋಡೆಯೂ ಅವಳದೇ. ಇದು ಇಬ್ಬರಿಗೂ ಗೊತ್ತಿತ್ತು, ಡಾಕ್ಟರಿಗೆ ಗೊತ್ತಿರಲಿಲ್ಲ.

"ಊಂ ಸ್ವಾಮಿ," ಎಂದಳು ಗೋಪಾಲಮ್ಮ. "ನಂದೇ."

"ಅಜ್ಜಿ, ನೀವು ಮಾಡಿರೋದು ಎಷ್ಟು ದೊಡ್ಡ ತಪ್ಪು ಗೊತ್ತಾ? ಗೋಣಿ ಮುಚ್ಚಿ ಬಚ್ಚಿಡ್ತೀರಾ? ಈ ಗಬ್ಬದ ಕಡಸಿನ ಪಕ್ಕ ಕಟ್ಟಿದ್ದೀರಾ? ನಿಮ್ಮಂಥವರು ಒಬ್ಬರಿದ್ರೆ ಸಾಕು, ಇಡೀ ಊರಿಗೆ ಹರಡುತ್ತೆ." ಡಾಕ್ಟರು ಅಜ್ಜಿ ಅಂದದ್ದು, ನೀವು ಅಂದದ್ದು, ವೆಂಕಟಲಕ್ಷ್ಮಮ್ಮನಿಗೆ ಕಿವಿಯಲ್ಲಿ ಚುಚ್ಚಿತು. ತಾನು ಅವಳಿಗೆ ಯಾವತ್ತೂ ನೀವು ಅಂದಿರಲಿಲ್ಲ. ಬೈಯುವುದಕ್ಕಾದರೂ ಅಂದಿರಲಿಲ್ಲ. ಅಷ್ಟರಲ್ಲಿ ತಾನು ತಲೆಯಾಡಿಸುತ್ತಿರುವುದು, ಡಾಕ್ಟರು ಹೇಳಿದ್ದಕ್ಕೆಲ್ಲ ಹೌದು ಹೌದು ಎಂದು ತಲೆಯಾಡಿಸುತ್ತಿರುವುದು ಅವಳ ಅರಿವಿಗೆ ಬಂತು. ನಿಲ್ಲಿಸಲು ಹೊರಟರೆ ಕತ್ತು ಸೆಟೆದುಕೊಂಡಿತು.

ಸಹಾಯಕ ಹೊಸದರ ಕಿವಿಗೆ ಓಲೆ ಚುಚ್ಚಿದ. ಹಸು ಒಮ್ಮೆ ಕೂಗಿತು. ನಿರಂಜನ ನಂಬರನ್ನು ಒತ್ತಿ, ಮಾಲೀಕರ ಹೆಸರು ಎಂದು ಕೇಳಿ, ಗೋ-ಪಾ-ಲ-ಮ್ಮ ಎಂದು ಒಂದೊಂದೇ ಅಕ್ಷರ ಹೇಳಿಕೊಳ್ಳುತ್ತ ಬರೆದ. ಮಾಡಿನ ಸುತ್ತ ಹಗ್ಗ ಕಟ್ಟಿದರು. ಒಂದು ತಿಂಗಳು ಹಸು ಹೊರಗೆ ಬಿಡುವಂತಿಲ್ಲ, ಹಾಲು ಡೈರಿಗೆ ಹಾಕುವಂತಿಲ್ಲ. ಕಡಸಿಗೆ ಈಗ ಲಸಿಕೆ ಹಾಕಿ ಪ್ರಯೋಜನವಿಲ್ಲ, ಕಾದು ನೋಡೋಣ ಎಂದಳು ಡಾಕ್ಟರು. ಗೋಪಾಲಮ್ಮನ ಸಣ್ಣ ಫೋನಿನಲ್ಲಿ ತನ್ನ ನಂಬರನ್ನು ಹಾಕಿಕೊಟ್ಟು, ಏನೇ ಆದರೂ ಮಾಡಿ, ಹೆದರಬೇಡಿ ಎಂದು ದನಿ ತಗ್ಗಿಸಿ ಹೇಳಿದಳು. ವೆಂಕಟಲಕ್ಷ್ಮಮ್ಮನ ನಾಲ್ಕು ಹಸುಗಳಿಗೆ ಲಸಿಕೆ ಹಾಕಿದರು. ಹೊರಡುವಾಗ ನಿರಂಜನ, "ಊರಲ್ಲಿ ಎಲ್ಲಾರೂ ನಿಮ್ಮ ಹಾಗೆ ಕ್ಲೀನಾಗಿ ಇಟ್ಕೊಂಡ್ರೆ ನಮಗ್ಯಾಕಮ್ಮ ಈ ಕೆಲಸ," ಎಂದು ಅವಳನ್ನು ಹಸುವಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದ. ಸ್ವಲ್ಪ ನಗಿ ಎಂದ. ನಕ್ಕಳು.

ಗಂಡ ಎಲ್ಲವನ್ನೂ ಪ್ಯಾರಪೆಟ್ಟಿನಿಂದ ನೋಡಿದ್ದ. ಮಧ್ಯಾಹ್ನ ಮುದ್ದೆ ಮುರಿಯುತ್ತ ನಕ್ಕು, "ಪರ್ವಾಗಿಲ್ವೇ, ನಿನ್ ತಲೆ ಇಷ್ಟು ಓಡ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದ. ಮೂವತ್ತೇಳು ವರ್ಷದಲ್ಲಿ ಅವನು ಅವಳನ್ನು ಹೊಗಳಿದ್ದು ಅದೇ ಮೊದಲು. ಅವಳಿಗೆ ನಾಚಿಕೆಯಾಗುವ ಬದಲು ಒಳಗೆಲ್ಲೋ ಬೆಚ್ಚಗಾಯಿತು, ಆ ಬೆಚ್ಚಗಾದದ್ದರ ಮೇಲೆ ಆಮೇಲೆ ಹೇಸಿಗೆಯಾಯಿತು. ಸಾರು ಬಡಿಸಿದಳು.

ಆಮೇಲಿನ ದಿನಗಳಲ್ಲಿ ಅವಳು ಹಿಂದಿನ ಓಣಿಗೆ ಹೋಗಲಿಲ್ಲ. ಹೋಗದಿರಲು ಕಾರಣವಿತ್ತು, ಹಗ್ಗ ಕಟ್ಟಿದ ಕಡೆ ಹೋಗಿ ಬಂದರೆ ಉಳಿದ ಹಸುಗಳಿಗೆ ಅಂಟುತ್ತದೆ. ಬೂಸಾದ ಒಂದು ಚೀಲವನ್ನು ಓಣಿಯ ಬಾಯಲ್ಲಿ ಇಟ್ಟು, "ಗೋಪಾಲಮ್ಮ, ಇಲ್ಲೈತೆ ನೋಡು," ಎಂದು ಕೂಗಿ ಬಂದಳು. ಮಾರನೇ ದಿನವೂ ಚೀಲ ಅಲ್ಲೇ ಇತ್ತು. ಮೂರನೇ ದಿನ ಇಬ್ಬನಿಗೆ ಬೂಸಾ ಗಟ್ಟಿಯಾಗಿತ್ತು, ಇರುವೆ ಹತ್ತಿತ್ತು. ಗಂಡ ಅದನ್ನು ಕಂಡು, ದುಡ್ಡು ಹೆಚ್ಚಾಗಿದೆಯಾ ಎಂದು ಬೈದು ಚೀಲವನ್ನು ಒಳಗೆ ತರಿಸಿದ. ಡೈರಿಯ ಸಾಲಿನಲ್ಲಿ ಗೋಪಾಲಮ್ಮ ಇರಲಿಲ್ಲ. ನಿಲ್ಲಬೇಕಾದ ಆ ಒಂದು ಹೆಜ್ಜೆಯ ಜಾಗದಲ್ಲಿ ಈಗ ಬೇರೆ ಯಾರೋ ನಿಲ್ಲುತ್ತಿದ್ದರು. "ಅಲ್ಲ, ಆ ಮುದುಕಿ ಅಂಥಾ ಹಸುನ ಎಲ್ಲಿಂದ ತಂದ್ಲಂತೆ?" ಎಂದು ಅಂಜನಮ್ಮ ಕೇಳಿದಳು. ಅಂಜನಮ್ಮ ಕೆರೆಯ ಏರಿಯ ಆಚೆ ಮೂರು ಹಸು ಕಟ್ಟಿದವಳು. ಕೇಳಿ ವೆಂಕಟಲಕ್ಷ್ಮಮ್ಮನ ಮುಖವನ್ನೇ ನೋಡುತ್ತ ನಿಂತಳು. "ನಂಗೇನ್ ಗೊತ್ತು," ಎಂದಳು ಇವಳು. ಸೆಕ್ರೆಟರಿ ತನ್ನ ಮೇಜಿನ ಹಿಂದಿನ ಗೋಡೆಗೆ ಅವಳ ಫೋಟೋ ಅಂಟಿಸಿದ್ದ. ಅದರಲ್ಲಿ ನಗುತ್ತಿದ್ದವಳು ಯಾರೋ ಚೆನ್ನಾಗಿ ಉಂಡುಟ್ಟ ಹೆಂಗಸಿನ ಹಾಗಿದ್ದಳು.

ಕಡಸು ಹದಿನೆಂಟನೇ ದಿನ ದಿನ ತುಂಬದ ಕರುವನ್ನು ಕಂದು ಹಾಕಿತು, ಇಪ್ಪತ್ತನೇ ದಿನ ಸತ್ತಿತು. ಜೆಸಿಬಿ ಓಣಿಯೊಳಗೆ ಬರುವಂತಿರಲಿಲ್ಲ, ನಾಲ್ಕು ಜನ ಕಾಲಿಗೆ ಹಗ್ಗ ಹಾಕಿ ಎಳೆದುಕೊಂಡು ಹೋದರು. ವೆಂಕಟಲಕ್ಷ್ಮಮ್ಮ ಕೊಟ್ಟಿಗೆಯ ಜಾಲರಿ ಕಿಟಕಿಯ ಹಿಂದೆ ನಿಂತು ನೋಡಿದಳು. ಗೋಪಾಲಮ್ಮ ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ತನ್ನ ಹೆಸರು ಹಿಡಿದು ಶಾಪ ಹಾಕುತ್ತಾಳೆ ಎಂದು ಕಾದಳು. ಹಾಕಿದ್ದರೆ ಒಂದು ಲೆಕ್ಕಕ್ಕೆ ಮುಗಿಯುತ್ತಿತ್ತು, ಇವಳಿಗೂ ತಿರುಗಿ ನಾಲ್ಕು ಮಾತಾಡಲು ಬರುತ್ತಿತ್ತು. ಗೋಪಾಲಮ್ಮ ಹೆಣದ ಹಿಂದೆ ನಡೆದಳು, ನೆಲಕ್ಕೆ ಉಜ್ಜುತ್ತಿದ್ದ ತಲೆಯ ಕೆಳಗೆ ಒಂದು ಗೋಣಿ ಹಾಕಿರಪ್ಪ ಎಂದು ಎಳೆಯುವವರಿಗೆ ಹೇಳಿದಳು. ಅವರು ಹಾಕಿದರು. ಅವಳು ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ.

ಹೊಸದು ಬದುಕಿತು. ತಿಂಗಳು ಕಳೆದು ಹಗ್ಗ ಬಿಚ್ಚಿದ ಮರುದಿನ ಗಂಡ, "ಹಾಲು ಕೊಡೋ ಹಸು ಅಲ್ಯಾಕೆ ನಿಂತೈತೆ? ಹೊಡ್ಕೊಂಡ್ ಬಾ," ಎಂದ. ಕೊಟ್ಟಿಗೆಯ ವಿಷಯದಲ್ಲಿ ಅವನು ಅಪ್ಪಣೆ ಕೊಟ್ಟದ್ದು ಅದೇ ಮೊದಲು. ಅವಳು ಹೊಸ ಹಗ್ಗ ತೆಗೆದುಕೊಂಡು ಹೊರಟಳು. ಸಂಜೆ ನಾಲ್ಕರ ಬಿಸಿಲು ಓಣಿಯಲ್ಲಿ ಅಡ್ಡ ಬಿದ್ದಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದಳು. ಬೇರೆ ಕಡಸು ಕೊಡಿಸುತ್ತೇನೆ ಅನ್ನಬೇಕು. ಅವಳ ಕಣ್ಣಿನ ಆಪರೇಷನ್ ಮಾಡಿಸುತ್ತೇನೆ ಅನ್ನಬೇಕು. ತಪ್ಪಾಯಿತು ಎಂಬುದನ್ನು ಇವೆರಡರ ನಡುವೆ ಎಲ್ಲಾದರೂ ಸೇರಿಸಬೇಕು.

ಗೋಪಾಲಮ್ಮ ಹಸುವಿನ ಮೈಯನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಗಂಟುಗಳಿದ್ದಲ್ಲಿ ಬಿಳಿ ಕಲೆಗಳಾಗಿದ್ದವು, ಮೈ ತುಂಬಿಕೊಂಡಿತ್ತು. "ಸರ್ಕೊಳ್ಳೇ ಚಂದ್ರಿ," ಎಂದಳು, ಹಸು ಸರಿಯಿತು.

"ಗೋಪಾಲಮ್ಮ, ಹಸುನ ಕರ್ಕೊಂಡ್ ಹೋಗಣ ಅಂತ ಬಂದೆ."

"ಯಾವ್ ಅಸು ಅಮ್ಮ?"

ತಮಾಷೆಯೇನೋ ಎಂದು ಮುಖ ನೋಡಿದಳು. ತಮಾಷೆಯಿರಲಿಲ್ಲ. "ನಿಂದು ಕಡಸು ಹೋಗಿದ್ದು ನಂಗೂ ಹೊಟ್ಟೆ ಉರೀತು. ಬೇರೆ ಕೊಡುಸ್ತೀನಿ ಕಣೆ. ನನ್ ಪರಿಸ್ಥಿತಿ ನಿಂಗ್ ಗೊತ್ತಲ್ವಾ? ರೋಗ ಐತೆ ಅಂತ ನಿಂಗ್ ಮೊದ್ಲೇ ಹೇಳ್ಬೇಕಿತ್ತು, ಆದ್ರೆ..."

"ಕೈಗೆ ಗೊತ್ತಾಗಲ್ವಾ ಅಮ್ಮ?" ಗೋಪಾಲಮ್ಮ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಕಟ್ಟುವಾಗ್ಲೇ ಗೊತ್ತಾಯ್ತು. ಒಂದು ಗಂಟೆ ಅಂದ್ರಿ. ನಿಮ್ ಮಾತು ಅಂತ ಕಟ್ಕಂಡೆ."

ಇದನ್ನು ಅವಳು ಎಣಿಸಿರಲಿಲ್ಲ. ಗೊತ್ತಿದ್ದೂ ಕಟ್ಟಿಕೊಂಡಳು. ಹಾಗಾದರೆ ಮೋಸಕ್ಕೆ ಉಳಿದ ಹೆಸರೇನು? ಅವಳಿಗೆ ಒಮ್ಮೆಲೇ ಸಿಟ್ಟು ನೆತ್ತಿಗೇರಿತು, ಗೋಪಾಲಮ್ಮ ತನಗಿಂತ ದೊಡ್ಡವಳಾಗಿ ನಿಂತದ್ದರ ಮೇಲೆ ಸಿಟ್ಟು. ದಾರಿಯಲ್ಲಿ ಯೋಚಿಸಿದ್ದ ಮಾತುಗಳೆಲ್ಲ ಆ ಸಿಟ್ಟಿನಲ್ಲಿ ಚದುರಿಹೋದವು. "ನೀನು ನಿಂತಿರೋ ಜಾಗ ಯಾರ್ದು ಅಂತ ಸ್ವಲ್ಪ ಗ್ಯಾನ ಇಟ್ಕೊಂಡ್ ಮಾತಾಡು," ಎಂದಳು.

"ಐತಮ್ಮ, ಗ್ಯಾನ ಐತೆ. ಜಾಗ ನಿಮ್ದು. ಅಸು ನಂದು." ಗೋಪಾಲಮ್ಮ ಹಸುವಿನ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ಹಳದಿ ಓಲೆಯನ್ನು ಅವಳ ಕಡೆ ತಿರುಗಿಸಿದಳು. "ನೀವೇ ಯೋಳಿ ಬರೆಸಿದ್ದಲ್ವಾ?" ಆಮೇಲೆ ನಾರನ್ನು ಬಕೆಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ಸೊಂಟದ ಚೀಲದಿಂದ ಫೋನು ತೆಗೆದಳು. "ಬ್ಯಾಡ. ಜಗಳ ಬ್ಯಾಡ. ಡಾಕ್ಟ್ರಮ್ಮನ ನಂಬ್ರ ಐತೆ ಇದ್ರಾಗೆ, ಒತ್ತಿ ಕೊಡ್ತೀನಿ. ಅವತ್ತು ಸುಳ್ಳು ಯೋಳ್ದೆ, ಅದು ನಮ್ದೇ ಅಸು ಅಂತ ಒಂದ್ ಮಾತು ಅಂದ್ಬುಡಿ. ಕಡಸೂ ಬ್ಯಾಡ, ಏನೂ ಬ್ಯಾಡ. ಇಡ್ಕೊಂಡ್ ಓಗಿ."

ಒತ್ತಿದಳು. ಫೋನು ಆಗಲೇ ರಿಂಗಾಗುತ್ತಿತ್ತು. ವೆಂಕಟಲಕ್ಷ್ಮಮ್ಮ ಅದನ್ನು ಕಿವಿಗಿಟ್ಟುಕೊಂಡಳು. ಒಂದೇ ಮಾತು. ಹೇಳಿದರೆ ಏನಾಗುತ್ತದೆ? ಬೈಯುತ್ತಾಳೆ ಆ ಹುಡುಗಿ. ದಂಡ ಹಾಕಬಹುದು. ಗೋಡೆಯ ಮೇಲಿನ ಫೋಟೋ ತೆಗೆಯಬಹುದು. ಅಂಜನಮ್ಮ ಸಾಲಿನಲ್ಲಿ ನಿಂತು ನಗಬಹುದು. ಗಂಡ ಇಷ್ಟಕ್ಕೇ ಕಾದಿದ್ದವನ ಹಾಗೆ ಕೊಟ್ಟಿಗೆಯ ಶೀಟು ಬಿಚ್ಚಿಸಬಹುದು. ಆದರೆ ಅವಳನ್ನು ತಡೆದದ್ದು ಇವು ಯಾವುವೂ ಅಲ್ಲ. ಎದುರಿಗೆ ಗೋಪಾಲಮ್ಮ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಇವಳ ಎದುರಿಗೆ ಹೇಳಬೇಕು.

"ಹಲೋ ಗೋಪಾಲಮ್ಮನೋರೆ, ಹೇಳಿ," ಎಂದಿತು ಫೋನು. ಡಾಕ್ಟರ ದನಿಯಲ್ಲಿ ಸಲಿಗೆಯಿತ್ತು. ಈ ತಿಂಗಳಲ್ಲಿ ಬಹಳ ಸಲ ಮಾತಾಡಿದ್ದಿರಬೇಕು. "ಹೇಗಿದಾಳೆ ಚಂದ್ರಿ?"

"ಅಲ್ಲ ಮೇಡಂ, ನಾನು... ವೆಂಕಟಲಕ್ಷ್ಮಮ್ಮ. ಮುಂದಿನ ಕೊಟ್ಟಿಗೆಯವ್ಳು."

"ಹಾಂ, ನಮಸ್ಕಾರ ಅಮ್ಮ. ಏನ್ ವಿಷಯ?"

ಗೋಪಾಲಮ್ಮ ಕಾಯುತ್ತಿದ್ದಳು. ಆತುರವಿರಲಿಲ್ಲ. ಇವಳು ಹೇಳಿಯೇಬಿಡುತ್ತಾಳೆಂದು ಆ ಒಂದು ಕಣ್ಣು ನಂಬಿಕೊಂಡಿದ್ದಂತೆ ಕಂಡಿತು. ವೆಂಕಟಲಕ್ಷ್ಮಮ್ಮ ಹಸುವಿನ ಕಡೆಗೆ, ಅದರ ಬೆನ್ನ ಮೇಲಿನ ಬಿಳಿ ಕಲೆಗಳ ಕಡೆಗೆ ತಿರುಗಿ ನಿಂತಳು.

"ಏನಿಲ್ಲ ಮೇಡಂ," ಎಂದಳು. "ಗೋಪಾಲಮ್ಮನ ಹಸು ಹುಷಾರಾಯ್ತು ಅಂತ ಹೇಳಣ ಅಂತ ಮಾಡ್ದೆ."

ಫೋನನ್ನು ವಾಪಸು ಕೊಟ್ಟಳು. ಗೋಪಾಲಮ್ಮ ಅದನ್ನು ಚೀಲದಲ್ಲಿಟ್ಟು, ಬಕೆಟ್ಟು ತೊಳೆದು ಬೋರಲು ಹಾಕಿ, ತಂಬಿಗೆ ತೆಗೆದುಕೊಂಡಳು. ವೆಂಕಟಲಕ್ಷ್ಮಮ್ಮ ನಿಂತ ಕಡೆಯೇ ನಿಂತಿದ್ದಳು, ಕೈಯಲ್ಲಿ ಹಗ್ಗ.

"ಸ್ವಲ್ಪ ದಾರಿ ಬಿಡಿ ಅಮ್ಮ," ಎಂದಳು ಗೋಪಾಲಮ್ಮ. "ಆಲು ಕರೀಬೇಕು."

ಅವಳು ದಾರಿ ಬಿಟ್ಟಳು.